ಕೂಗದ ಕುಕ್ಕರ್

ತಂಡದಲ್ಲಿ ನಂಬಿಕೆ ಬೆಳೆಯಬೇಕಾದರೆ ಎಲ್ಲರನ್ನೂ ರೆಸಾರ್ಟಿಗೆ ಕರೆದೊಯ್ದು ಹಗ್ಗ ಎಳೆಸಬೇಕು ಎಂಬ ಕಲ್ಪನೆ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಒಂದು ದಿನದ ಸಂತೋಷಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಲೆಕ್ಕದಲ್ಲಿ ತನ್ನ ತಪ್ಪು ಕಂಡುಕೊಂಡ ಹುಡುಗ ಅದನ್ನು ಮೇಲಿನವರಿಗೆ ಹೇಳುತ್ತಾನೋ, ಫೈಲಿನ ಅಡಿಗೆ ತಳ್ಳುತ್ತಾನೋ? ನಂಬಿಕೆಯ ಅಳತೆ ಸಿಗುವುದು ಆ ಗಳಿಗೆಯಲ್ಲಿ.

1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿನಿ ಏಮಿ ಎಡ್ಮಂಡ್ಸನ್, ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಗ್ಗಟ್ಟಿರುವ ಕಡೆ ತಪ್ಪು ಕಡಿಮೆ ಎಂಬುದು ಅವರ ನಿರೀಕ್ಷೆ. ಅಂಕಿಗಳು ಬಂದಾಗ, ಒಗ್ಗಟ್ಟಿನ ವಿಭಾಗಗಳಲ್ಲೇ ತಪ್ಪು ಹೆಚ್ಚು! ಈ ಫಲಿತಾಂಶ ಗೊತ್ತಿಲ್ಲದ ಸಹಾಯಕರೊಬ್ಬರು ವಿಭಾಗಗಳಲ್ಲಿ ಓಡಾಡಿ ನೋಡಿದರು. ಕೆಲವೆಡೆ ದಾದಿಯರು ತಪ್ಪನ್ನು ಮುಕ್ತವಾಗಿ ಹೇಳಿಕೊಳ್ಳುತ್ತಿದ್ದರು. ಕೆಲವೆಡೆ ತಪ್ಪು ಒಪ್ಪಿಕೊಂಡವರನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ವಿಚಾರಿಸಲಾಗುತ್ತಿತ್ತು. ಉತ್ತಮ ತಂಡಗಳ ಲೆಕ್ಕ ಹೆಚ್ಚಾಗಿ ಕಂಡದ್ದು ಅಲ್ಲಿ ತಪ್ಪುಗಳು ಬೆಳಕಿಗೆ ಬರುತ್ತಿದ್ದ ಕಾರಣಕ್ಕೆ.

ನನಗೆ ಇದಕ್ಕಿಂತ ಚಂದದ ಫಲಿತಾಂಶ ಸಮಾಜವಿಜ್ಞಾನದಲ್ಲಿ ಕಂಡಿಲ್ಲ. ದಾಖಲಾದ ತಪ್ಪು ಎಂದರೆ ಆದ ತಪ್ಪುಗಳಲ್ಲಿ ಯಾರದೋ ಕಣ್ಣಿಗೆ ಬಿದ್ದು, ಬಳಿಕ ಬಾಯಿಗೂ ಬಂದ ಪಾಲು ಮಾತ್ರ. ಒಂದು ವಿಭಾಗದಲ್ಲಿ 20 ತಪ್ಪಾಗಿ 15 ವರದಿಯಾದವು, ಇನ್ನೊಂದರಲ್ಲಿ 40 ಆಗಿ 5 ವರದಿಯಾದವು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಎರಡನೆಯದಕ್ಕೇ ಬಹುಮಾನ. ಕುಕ್ಕರ್ ಕೂಗುತ್ತಿಲ್ಲವೆಂದರೆ ಒಳಗೆ ಆವಿ ಇಲ್ಲವೆಂದೇನೂ ಅಲ್ಲ, ಬೇಳೆಕಾಳು ಸಿಕ್ಕಿ ತೂತು ಕಟ್ಟಿಕೊಂಡಿರಬಹುದು. ಚಾವಣಿ ಸೋರಿದರೆ ಬಕೆಟ್ ಇಡುತ್ತೇವೆ, ಗೋಡೆಯೊಳಗಿನ ಪೈಪು ಸೋರಿದರೆ ಪಾಯ ಕುಸಿಯುವವರೆಗೂ ಗೊತ್ತಾಗುವುದಿಲ್ಲ. ಜ್ವರವೂ ಹಾಗೆಯೇ: ಥರ್ಮಾಮೀಟರ್ ಬಚ್ಚಿಟ್ಟ ಮಾತ್ರಕ್ಕೆ ಮೈ ತಣ್ಣಗಾಗದು.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನರೀಫ್ ದ್ವೀಪದ ರನ್‌ವೇಯಲ್ಲಿ ದಟ್ಟ ಮಂಜು. ಡಚ್ ವಿಮಾನವೊಂದು ಮೇಲೇರಲು ವೇಗ ಹಿಡಿದಿತ್ತು. ಅಮೆರಿಕದ ಇನ್ನೊಂದು ವಿಮಾನ ಅದೇ ರನ್‌ವೇ ಮೇಲಿತ್ತು. ರೇಡಿಯೋ ಮಾತು ಕೇಳಿಸಿಕೊಂಡ ಡಚ್ ಫ್ಲೈಟ್ ಎಂಜಿನಿಯರ್, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅವರು ಆ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ಹಿರಿಯರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿ. 583 ಜನ ಸತ್ತರು.

ಪ್ರಶ್ನೆ ಬಂದಿತ್ತು, ಸರಿಯಾದ ಪ್ರಶ್ನೆಯೇ ಬಂದಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಇಂಥ ಅಪಘಾತಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಅಲ್ಲಿಂದ ಬೆಳೆದ ತರಬೇತಿಯಲ್ಲಿ ಕಿರಿಯರು ಅನುಮಾನವನ್ನು ಬಾಯಿಬಿಟ್ಟು ಹೇಳುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಅಭ್ಯಾಸ ಮಾಡಿಸುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಯಂತ್ರ ಕೆಟ್ಟರೆ ಗ್ರಹಚಾರ, ಗುತ್ತಿಗೆ ತಪ್ಪಿದರೆ ಯಾರದೋ ಕಣ್ಣು. ಬಾಗಿಲಿಗೆ ಬೂದುಗುಂಬಳ ಕಟ್ಟಿದ ಮೇಲೆ ಕಾರಣ ಹುಡುಕುವ ಗೋಜಿಲ್ಲ, ಹೇಳಬೇಕೆಂದಿದ್ದವನಿಗೂ ಸುಮ್ಮನಿರಲು ಅನುಕೂಲ. ಇದು ನನಗೆ ನಿಜಕ್ಕೂ ಆತಂಕ ತರುತ್ತದೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಹಿರಿಯರೊಬ್ಬರು ಪ್ರತಿ ಸೋಮವಾರದ ಸಭೆಯನ್ನು ತಮ್ಮದೇ ಒಂದು ತಪ್ಪಿನಿಂದ ಶುರು ಮಾಡುತ್ತಿದ್ದರು. ಮೊದಲ ಕೆಲವು ವಾರ ಎಲ್ಲರೂ ನೆಲ ನೋಡುತ್ತಿದ್ದೆವು. ಒಂದು ಸೋಮವಾರ ಉಗ್ರಾಣದ ಗುಮಾಸ್ತರು ಎದ್ದು, ಬೇಡಿಕೆ ಪಟ್ಟಿಯಲ್ಲಿ ಒಂದು ಸೊನ್ನೆ ಹೆಚ್ಚು ಬರೆದಿದ್ದೇನೆ, ಸರಕು ಇನ್ನೂ ಹೊರಟಿಲ್ಲ ಎಂದರು. ಹಿರಿಯರು ಕೇಳಿದ್ದು ಒಂದೇ ಮಾತು: "ಫೋನ್ ಮಾಡಿ ತಡೆಯಲು ಸಮಯವಿದೆಯೇ?" ಇತ್ತು.