ಶಹಾಬಾದ್ ನೆಲದ ಮೇಲೊಂದು ಕಾಲುದಾರಿ

ನಮ್ಮ ಹಳೇ ಮನೆಯದು ಶಹಾಬಾದ್ ಕಲ್ಲಿನ ನೆಲ. ಹೊಸ್ತಿಲಿನಿಂದ ಅಡುಗೆಮನೆಯವರೆಗೆ ಅದರ ಮೇಲೊಂದು ದಾರಿ ಬಿದ್ದಿತ್ತು. ಆ ಪಟ್ಟಿಯಷ್ಟೇ ನುಣುಪು, ಬಿಸಿಲು ಬಿದ್ದರೆ ಮಿರಮಿರ. ಮಂಚದ ಕೆಳಗೆ ಕೈಯಾಡಿಸಿದರೆ ಅದೇ ಕಲ್ಲು ತರಿತರಿ. ಯಾರೂ ಪಾಲಿಶ್ ಮಾಡಿಸಿರಲಿಲ್ಲ. ನಡೆದು ನಡೆದು ಹಾಗಾಗಿತ್ತು.

ಆದರೆ ಮನೆಯೊಳಗೆ ಎಲ್ಲರೂ ಬರಿಗಾಲು. ಅಂಗಾಲಿನ ಚರ್ಮಕ್ಕೆ ಕಲ್ಲು ಸವೆಸುವ ತಾಕತ್ತು ಇದೆಯಾ? ಕೆಲಸ ಮಾಡಿದ್ದು ಕಾಲಿಗೆ ಅಂಟಿ ಒಳಗೆ ಬಂದ ಧೂಳು. ಅಂಗಳದ ಮಣ್ಣಲ್ಲಿ ಬೆಣಚುಕಲ್ಲಿನ ಪುಡಿ, ಅಂದರೆ ಕ್ವಾರ್ಟ್ಜ್, ಇದ್ದೇ ಇರುತ್ತದೆ. 1812ರಲ್ಲಿ ಮೋಸ್ ಎಂಬ ವಿಜ್ಞಾನಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. ಯಾವುದು ಯಾವುದನ್ನು ಗೀಚುತ್ತದೆ ಅನ್ನುವುದೇ ಅವನ ಲೆಕ್ಕ. ಕ್ವಾರ್ಟ್ಜ್‌ಗೆ 7. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರಲ್ಲಿ ಜಾಸ್ತಿ ಇರುವುದು ಕ್ಯಾಲ್ಸೈಟ್. ಅದಕ್ಕೆ ಬರೀ 3. ಧೂಳಿನ ಕಾಲಿಟ್ಟಾಗಲೆಲ್ಲ ನೆಲಕ್ಕೆ ಸ್ಯಾಂಡ್ ಪೇಪರ್ ಉಜ್ಜಿದ ಹಾಗೆ.

ಮನೆಯಲ್ಲೇ ನೋಡಬಹುದು. ಮಿಕ್ಕಿದ ಶಹಾಬಾದ್ ಚೂರಿನ ಮೇಲೆ ಕಬ್ಬಿಣದ ಮೊಳೆಯಿಂದ ಗೀಚಿ. ಬಿಳಿ ಗೆರೆ ಬೀಳುತ್ತದೆ. ಗ್ರಾನೈಟ್ ಮೇಲೂ ಗೆರೆ ಬಿದ್ದಂತೆ ಕಾಣುತ್ತದೆ, ಆದರೆ ಅದು ಬಹುಪಾಲು ಮೊಳೆಯೇ ಸವೆದು ಬಿಟ್ಟ ಕಬ್ಬಿಣದ ಗುರುತು.

ಹಾಗಂತ ಗಡಸು ಖನಿಜ ಇದ್ದ ಮಾತ್ರಕ್ಕೆ ಕಲ್ಲು ಬಾಳುತ್ತದೆ ಅಂತಲ್ಲ. ಮರಳುಗಲ್ಲನ್ನೇ ತಗೊಳ್ಳಿ. ಅದರಲ್ಲಿ ಇರುವುದೂ ಬಹುಪಾಲು ಕ್ವಾರ್ಟ್ಜ್ ಕಾಳುಗಳೇ. ಕಾಳು ಸುಲಭಕ್ಕೆ ಸವೆಯುವುದಿಲ್ಲ, ಆದರೆ ಕಾಳುಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗಿದ್ದರೆ ಒಂದೊಂದಾಗಿ ಕಿತ್ತು ಬರುತ್ತವೆ. ತಮಾಷೆ ಅಂದರೆ, ಕಿತ್ತು ಬಂದ ಕಾಳು ಸುಮ್ನೆ ಕೂರುವುದಿಲ್ಲ. ಕಾಲಡಿ ಸಿಕ್ಕಿ ತನ್ನ ಮನೆಯನ್ನೇ ಉಜ್ಜಲು ಶುರುಮಾಡುತ್ತದೆ. ಅದೇ ಮರಳುಗಲ್ಲು ನೆಲದಾಳದ ಬಿಸಿ, ಒತ್ತಡಕ್ಕೆ ಸಿಕ್ಕಿ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡರೆ ಕ್ವಾರ್ಟ್ಜೈಟ್ ಆಗುತ್ತದೆ. ಅದನ್ನು ಸವೆಸುವುದು ಬಲು ಕಷ್ಟ.

ಗ್ರಾನೈಟ್‌ನಲ್ಲಿ ಅಂಟೇ ಇಲ್ಲ. ಕಾದು ಕರಗಿದ ಕಲ್ಲು ನಿಧಾನಕ್ಕೆ ಆರುವಾಗ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಬೆಳೆದಿರುತ್ತವೆ. ಅದರಲ್ಲಿರುವ ಕಾಗೆಬಂಗಾರ ಮಾತ್ರ ಮೆತ್ತಗೆ, ಅದು ಮೊದಲು ಸವೆಯುತ್ತದೆ. ಕ್ವಾರ್ಟ್ಜ್ ಉಬ್ಬಿಕೊಂಡು ನಿಲ್ಲುತ್ತದೆ. ಈ ಏರುತಗ್ಗು ಕಾಲಿಗೆ ಹಿಡಿತ ಕೊಡುತ್ತದೆ. ಆದರೂ ಗ್ರಾನೈಟ್ ನುಣುಪಾಗುವುದೇ ಇಲ್ಲ ಅನ್ನಬೇಡಿ. ರುಬ್ಬುವ ಕಲ್ಲಿಗೆ ಆಗಾಗ ಉಳಿಯಿಂದ ಹೊಡೆಸಿ ಒರಟು ಮಾಡಿಸುತ್ತಿದ್ದದ್ದು ಯಾಕೆ? ಅಕ್ಕಿ, ಉದ್ದು ರುಬ್ಬುವಾಗ ಕಲ್ಲಿಗೆ ಕಲ್ಲು ಉಜ್ಜಿ ಉಜ್ಜಿ ಅದು ಸವೆಯುತ್ತಿತ್ತು. ಸವೆದ ಪುಡಿ ಎಲ್ಲಿ ಹೋಯಿತು ಅಂತ ದೋಸೆ ತಿಂದವರು ಕೇಳದಿದ್ದರೆ ಒಳ್ಳೆಯದು.

ಪ್ರಯೋಗಾಲಯದವರೂ ಪರೀಕ್ಷೆಗೆ ಕಾಲನ್ನಲ್ಲ, ಪುಡಿಯನ್ನೇ ನಂಬುತ್ತಾರೆ. ಯುರೋಪಿನ ಬೋಮೆ ಪರೀಕ್ಷೆಯಲ್ಲಿ ತಿರುಗುವ ತಟ್ಟೆಯ ಮೇಲೆ 20 ಗ್ರಾಂ ಕುರಂದ ಎಂಬ ಗಡಸು ಖನಿಜದ ಪುಡಿ ಹರಡುತ್ತಾರೆ. ಅದರ ಗಡಸುತನ 9. ಸುಮಾರು 30 ಕಿಲೋ ಭಾರದಲ್ಲಿ ಕಲ್ಲಿನ ತುಂಡನ್ನು ಅದಕ್ಕೆ ಒತ್ತಿ 22 ಸುತ್ತು ಉಜ್ಜುತ್ತಾರೆ. ಹೊಸ ಪುಡಿ ಹಾಕಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಮತ್ತೆ 22. ಹೀಗೆ 16 ಸಲ. ಕೊನೆಗೆ ಎಷ್ಟು ಕಲ್ಲು ಕಳೆದುಹೋಯಿತು ಅಂತ ಅಳೆಯುತ್ತಾರೆ. ನಮ್ಮಲ್ಲೂ ಕಟ್ಟಡದ ಕಲ್ಲಿನ ಸವೆತ ಅಳೆಯಲು ಐಎಸ್ 1706 ಅನ್ನುವ ಮಾನಕ ಇದೆ.

ಈ ಅಂಕಿ ನೋಡಿ ಮೋಸ ಹೋಗಬಾರದು. ಸವೆಯದ ಕಲ್ಲು ಜಾರದ ಕಲ್ಲು ಅಂತೇನಿಲ್ಲ. ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟ್ ಸವೆಯುವುದು ಕಡಿಮೆ, ಮಳೆಯಲ್ಲಿ ಬೀಳಿಸುವುದು ಜಾಸ್ತಿ. ಮನೆ ಮುಂದಿನ ಮೆಟ್ಟಿಲಿಗೆ ಅದನ್ನು ಹಾಕಿಸುವವರನ್ನು ಕಂಡರೆ ನನಗೆ ಭಯ. ಅಲ್ಲಿಗೆ ಬೇಕಾದದ್ದು ಬೆಂಕಿ ಹಾಯಿಸಿದ ಗ್ರಾನೈಟ್. ಜ್ವಾಲೆ ತಾಗಿದಾಗ ಹರಳುಗಳು ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ಮೇಲ್ಪದರ ಚಟಚಟ ಎಂದು ಸಿಡಿದು, ಮೈ ಒರಟಾಗುತ್ತದೆ.

ನಮ್ಮ ಮನೆಯ ಆ ದಾರಿಯಲ್ಲಿ ಅಡುಗೆಮನೆ ಬಾಗಿಲ ಹತ್ತಿರದ ಎರಡು ಚಪ್ಪಡಿ ನೀರು ಬಿದ್ದರೆ ಜಾರುತ್ತಿದ್ದವು. ಹೊಸದು ತರೋಣ ಅಂದೆವು. ಮೇಸ್ತ್ರಿ ಬೇಡ ಅಂದರು. ಎರಡನ್ನೂ ಎಬ್ಬಿಸಿ, ಮಗುಚಿ, ಅಲ್ಲೇ ಕೂರಿಸಿದರು.