ಚೀಸ್‌ನ ಕೊಬ್ಬಿಗೆ ಹೆದರುವವರು ಅದರ ಉಪ್ಪನ್ನೂ ನೋಡಬೇಕು

ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಆರು ವಾರ ಕಳೆದ ಮೇಲೆ ತಪಾಸಣೆಗೆ ಬಂದ ರೋಗಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಚೀಲದಿಂದ ಚೀಸ್ ಸ್ಲೈಸ್‌ಗಳ ಪೊಟ್ಟಣವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ಬೆಣ್ಣೆ ಪೂರ್ತಿ ಬಿಟ್ಟಿದ್ದೇನೆ. ಇದನ್ನು ಬಿಡಬೇಕೋ ಬೇಡವೋ ನೀವೇ ಹೇಳಿಬಿಡಿ, ಮನೆಯಲ್ಲಿ ದಿನಾ ಇದೇ ಚರ್ಚೆ" ಎಂದರು. ಚೀಸ್ ಹೃದಯಕ್ಕೆ ಒಳ್ಳೆಯದೆಂದು ಅವರು ಎಲ್ಲೋ ಓದಿದ್ದರು. ಅದು ರಕ್ತನಾಳಗಳನ್ನು ಮುಚ್ಚಿಹಾಕುತ್ತದೆಂದು ಅವರ ಪತ್ನಿ ಓದಿದ್ದರು. ಇಬ್ಬರ ಮಾತಿಗೂ ಒಂದಿಷ್ಟು ಆಧಾರವಿದೆ. ಆದರೆ ಪೊಟ್ಟಣದ ಹಿಂಬದಿಯನ್ನು ಇಬ್ಬರೂ ತಿರುಗಿಸಿ ನೋಡಿರಲಿಲ್ಲ.

ಹಾಲನ್ನು ಹೆಪ್ಪುಗಟ್ಟಿಸಿ ನೀರನ್ನು ಬಸಿದ ಮೇಲೆ ಉಳಿಯುವ ಗಟ್ಟಿ ಪದಾರ್ಥವೇ ಚೀಸ್. ಒಂದು ಕಿಲೋ ಚೆಡ್ಡಾರ್ ಚೀಸ್‌ಗೆ ಸುಮಾರು 10 ಲೀಟರ್ ಹಾಲು ಬೇಕಾಗುತ್ತದೆ ಎಂದರೆ, ಹಾಲಿನ ಕೊಬ್ಬು, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಅದರಲ್ಲಿ ಎಷ್ಟು ಸಾಂದ್ರವಾಗಿರುತ್ತವೆ ಎಂಬುದನ್ನು ಊಹಿಸಬಹುದು. ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡು, ಅಂದರೆ ಸುಮಾರು 30 ಗ್ರಾಂ ಚೆಡ್ಡಾರ್, 120 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಅದರ ಜೊತೆಗೇ 6 ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬನ್ನೂ (ಬೆಣ್ಣೆ, ತುಪ್ಪದಲ್ಲಿ ಹೇರಳವಾಗಿರುವ ಬಗೆಯ ಕೊಬ್ಬು) ಕೊಡುತ್ತದೆ. ದಿನಕ್ಕೆ 2000 ಕ್ಯಾಲೊರಿ ಸೇವಿಸುವವರು ಇಂಥ ಕೊಬ್ಬನ್ನು 22 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 'ಕೆಟ್ಟ ಕೊಲೆಸ್ಟ್ರಾಲ್' ಎಂದು ಕರೆಯುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಸಲೇಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಮಿತಿ ಇನ್ನೂ ಬಿಗಿಯಾದದ್ದು, ಸುಮಾರು 13 ಗ್ರಾಂ. ಅಂಥವರಿಗೆ ಆ ಒಂದು ತುಂಡಿನಲ್ಲಿಯೇ ದಿನದ ಪಾಲಿನ ಅರ್ಧದಷ್ಟು ಮುಗಿದುಹೋಗುತ್ತದೆ.

ಈ ಕೊಬ್ಬಿನ ಬಗ್ಗೆ ನಾವು ವೈದ್ಯರು ಪದೇಪದೇ ಎಚ್ಚರಿಸುವುದಕ್ಕೆ ಕಾರಣವಿದೆ. ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಆ ಗ್ರಾಹಕಗಳ ಕೆಲಸ ಮಂದವಾಗುತ್ತದೆ. ಆಗ ಎಲ್‌ಡಿಎಲ್ ಕಣಗಳು ರಕ್ತದಲ್ಲಿಯೇ ಹೆಚ್ಚು ಕಾಲ ಉಳಿದು, ವರ್ಷಗಳು ಉರುಳಿದಂತೆ ರಕ್ತನಾಳದ ಗೋಡೆಯೊಳಗೆ ಶೇಖರವಾಗುತ್ತ ಹೋಗುತ್ತವೆ. ಈ ಲೆಕ್ಕದಂತೆ ಚೀಸ್ ಕೂಡ ಬೆಣ್ಣೆಯಷ್ಟೇ ಕೆಡುಕು ಮಾಡಬೇಕಿತ್ತು.

ಆದರೆ ಪರೀಕ್ಷಿಸಿ ನೋಡಿದಾಗ ಹಾಗಾಗಲಿಲ್ಲ. ಡೆನ್ಮಾರ್ಕ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 49 ಮಂದಿ ಆರು ವಾರ ಚೀಸ್ ತಿಂದು, ಮತ್ತೆ ಆರು ವಾರ ಅಷ್ಟೇ ಕೊಬ್ಬು ಇರುವ ಬೆಣ್ಣೆ ತಿಂದರು. ಬೆಣ್ಣೆಯ ಅವಧಿಗೆ ಹೋಲಿಸಿದರೆ ಚೀಸ್ ತಿಂದ ಅವಧಿಯಲ್ಲಿ ಎಲ್‌ಡಿಎಲ್ ಸುಮಾರು ಶೇ 7ರಷ್ಟು ಕಡಿಮೆಯಿತ್ತು. ಒಂದೇ ಹಾಲಿನ ಕೊಬ್ಬು ಎರಡು ರೂಪಗಳಲ್ಲಿ ಎರಡು ಬಗೆಯಾಗಿ ವರ್ತಿಸುವುದೇಕೆ? ಚೀಸ್‌ನಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲಿ ಕೊಬ್ಬಿನಾಮ್ಲಗಳೊಂದಿಗೆ ಕೂಡಿ ಸಾಬೂನಿನಂಥ, ಕರಗದ ವಸ್ತುವಾಗುವುದರಿಂದ ಕೊಬ್ಬಿನ ಒಂದು ಭಾಗ ರಕ್ತ ಸೇರದೆ ಮಲದಲ್ಲಿ ಹೊರಹೋಗುತ್ತದೆ ಎಂಬುದು ಒಂದು ವಿವರಣೆ. ಇನ್ನೊಂದು ವಿವರಣೆ ನನಗೆ ಹೆಚ್ಚು ಕುತೂಹಲದ್ದೆನಿಸುತ್ತದೆ. ಹಾಲಿನ ಪ್ರತಿಯೊಂದು ಕೊಬ್ಬಿನ ಹನಿಯ ಸುತ್ತಲೂ ತೆಳುವಾದ ಪೊರೆಯೊಂದಿರುತ್ತದೆ; ಹಾಲನ್ನು ಕಡೆದು ಬೆಣ್ಣೆ ತೆಗೆಯುವಾಗ ಅದು ಹರಿದು ಬಹುಪಾಲು ಮಜ್ಜಿಗೆಗೆ ಸೇರುತ್ತದೆ, ಚೀಸ್‌ನಲ್ಲಿ ಮಾತ್ರ ಸಾಕಷ್ಟು ಉಳಿದಿರುತ್ತದೆ. ಸ್ವೀಡನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೊರೆಯಿಲ್ಲದ ಹಾಲಿನ ಕೊಬ್ಬನ್ನು ಎಂಟು ವಾರ ತಿಂದವರ ಎಲ್‌ಡಿಎಲ್ ಏರಿತು. ಪೊರೆಯಿರುವ ಕೆನೆಯ ರೂಪದಲ್ಲಿ ಅಷ್ಟೇ ಕೊಬ್ಬು ತಿಂದವರಲ್ಲಿ ಏರಲಿಲ್ಲ.

ಇಷ್ಟು ಓದಿ ಚೀಸ್ ಔಷಧವೆಂಬ ತೀರ್ಮಾನಕ್ಕೆ ಬರುವವರಿದ್ದಾರೆ, ಅಲ್ಲಿಯೇ ನಾನು ಅವರನ್ನು ತಡೆಯುತ್ತೇನೆ. ಬೆಣ್ಣೆಗಿಂತ ವಾಸಿ ಎಂಬುದು ಬೇರೆ, ಹೃದಯಕ್ಕೆ ಹಿತ ಎಂಬುದು ಬೇರೆ. ಹದಿನೈದು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ದಿನಕ್ಕೆ ಸುಮಾರು 40 ಗ್ರಾಂ ಚೀಸ್ ತಿನ್ನುವವರಲ್ಲಿ ಹೃದ್ರೋಗದ ಅಪಾಯ ತುಸು ಕಡಿಮೆ ಕಂಡದ್ದು ನಿಜ. ಆದರೆ ಇವು ಜನರ ಊಟದ ರೂಢಿಯನ್ನು ಕೇಳಿ ಬರೆದುಕೊಂಡು, ಅವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು. ಹಿತಮಿತವಾಗಿ ಚೀಸ್ ತಿನ್ನುವವರು ಬೇರೆ ವಿಷಯಗಳಲ್ಲಿಯೂ ಹಿತಮಿತವಾಗಿ ಬದುಕುವವರಾಗಿರಬಹುದು. ತಟ್ಟೆಯಲ್ಲಿ ಯಾವುದನ್ನು ತೆಗೆದು ಚೀಸ್ ಇಟ್ಟಿರಿ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. ಕೆಂಪು ಮಾಂಸವನ್ನೋ ಸಾಸೇಜನ್ನೋ ತೆಗೆದಿದ್ದರೆ ಲಾಭವೇ ಆಗಿರಬಹುದು. ಬಾದಾಮಿ, ಆಕ್ರೋಟು, ಕಾಳುಗಳನ್ನು ತೆಗೆದಿದ್ದರೆ ನಷ್ಟ. ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ವೃತ್ತಿಪರರ ಆಹಾರಕ್ರಮವನ್ನು ಆಧರಿಸಿದ 2016ರ ಲೆಕ್ಕಾಚಾರದ ಪ್ರಕಾರ, ದಿನದ ಕ್ಯಾಲೊರಿಯ ಶೇ 5ರಷ್ಟು ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಮತ್ತು ಬೀಜಗಳಲ್ಲಿರುವ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು ಬಂದರೆ ಹೃದ್ರೋಗ ಹಾಗೂ ಪಾರ್ಶ್ವವಾಯುವಿನ ಅಪಾಯ ಶೇ 24ರಷ್ಟು ಕಡಿಮೆ ಕಾಣುತ್ತದೆ.

ಇನ್ನು ಉಪ್ಪಿನ ಮಾತು. ಚಿಕಿತ್ಸಾಲಯದಲ್ಲಿ ಚೀಸ್‌ನ ಕೊಬ್ಬಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಉಪ್ಪಿನ ಬಗ್ಗೆ ಕೇಳುವವರು ವಿರಳ. ಚೀಸ್ ತಯಾರಿಕೆಯಲ್ಲಿ ಉಪ್ಪು ಬರೀ ರುಚಿಗಲ್ಲ. ನೀರಿನಂಶವನ್ನು ಹೊರಗೆಳೆಯಲು, ಬೇಡದ ಸೂಕ್ಷ್ಮಜೀವಿಗಳನ್ನು ತಡೆಯಲು, ಹದವಾಗಿ ಮಾಗಿಸಲು ಅದು ಬೇಕೇ ಬೇಕು. ನೂರು ಗ್ರಾಂ ಎಮೆಂಟಾಲ್‌ನಂಥ ಸ್ವಿಸ್ ಚೀಸ್‌ನಲ್ಲಿ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ಸುಮಾರು 200 ಮಿಲಿಗ್ರಾಂ ಇದ್ದರೆ ಚೆಡ್ಡಾರ್‌ನಲ್ಲಿ 650ರ ಆಸುಪಾಸು ಇರುತ್ತದೆ. ಉಪ್ಪುನೀರಿನಲ್ಲಿ ನೆನೆಸಿಡುವ ಫೆಟಾದಲ್ಲಿ ಸಾವಿರದ ಆಸುಪಾಸು. ಸ್ಲೈಸ್‌ಗಳಾಗಿ ಬರುವ ಪ್ರೊಸೆಸ್ಡ್ ಚೀಸ್‌ಗೆ, ಕರಗಿಸುವಾಗ ಕೊಬ್ಬು ಮತ್ತು ನೀರು ಬೇರ್ಪಡದಿರಲೆಂದು ಸೋಡಿಯಂ ಫಾಸ್ಫೇಟ್, ಸೋಡಿಯಂ ಸಿಟ್ರೇಟ್‌ನಂಥ ಲವಣಗಳನ್ನು ಸೇರಿಸುತ್ತಾರೆ. ಆದ್ದರಿಂದ ನಾಲಿಗೆಗೆ ಅಷ್ಟೇನೂ ಉಪ್ಪೆನಿಸದಿದ್ದರೂ ಅದರ ನೂರು ಗ್ರಾಂನಲ್ಲಿ ಸೋಡಿಯಂ 1200 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ದಿನವಿಡೀ ಸೇವಿಸುವ ಎಲ್ಲ ಆಹಾರ ಸೇರಿ ಸೋಡಿಯಂ 2000 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂಬುದನ್ನು ಇಲ್ಲಿ ನೆನಪಿಡಬೇಕು.

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ವೃದ್ಧೆಯೊಬ್ಬರ ಕಾಲುಗಳ ಊತ ಮಾತ್ರೆಯ ಪ್ರಮಾಣ ಹೆಚ್ಚಿಸಿದರೂ ಇಳಿಯುತ್ತಿರಲಿಲ್ಲ. ಅಡುಗೆಗೆ ಚಿಟಿಕೆ ಉಪ್ಪನ್ನೂ ಹಾಕುತ್ತಿಲ್ಲವೆಂದು ಮಗಳು ಹೇಳುತ್ತಿದ್ದರು, ಅದು ಸತ್ಯವೇ ಆಗಿತ್ತು. ಬೆಳಗ್ಗೆಯಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ಒಂದೊಂದಾಗಿ ಕೇಳುತ್ತ ಹೋದಾಗ, ಕೊಬ್ಬು ಕಡಿಮೆಯೆಂದು ನಂಬಿ ದಿನಕ್ಕೆರಡು ಬಟ್ಟಲು ಕಾಟೇಜ್ ಚೀಸ್ (ಪನೀರ್ ಅಲ್ಲ, ಉಪ್ಪು ಬೆರೆಸಿದ ಮೆತ್ತನೆಯ ಹಸಿ ಚೀಸ್) ತಿನ್ನುತ್ತಿದ್ದುದು ತಿಳಿಯಿತು. ಅದರ ಕೊಬ್ಬು ಕಡಿಮೆಯೆಂಬುದು ಸರಿ. ಆದರೆ 200 ಗ್ರಾಂನ ಬಟ್ಟಲೊಂದರಲ್ಲಿ 700 ಮಿಲಿಗ್ರಾಂನಷ್ಟು ಸೋಡಿಯಂ ಇರಬಹುದು. ಅದನ್ನು ಉಪ್ಪು ಬೆರೆಸದ ಮೊಸರಿಗೆ ಬದಲಿಸಿದೆವು. ಮುಂದಿನ ಭೇಟಿಯಲ್ಲಿ ಅವರ ತೂಕ ಎರಡು ಕಿಲೋ ಇಳಿದಿತ್ತು, ಚಪ್ಪಲಿಯ ಪಟ್ಟಿ ಪಾದದಲ್ಲಿ ಗುರುತು ಮೂಡಿಸುತ್ತಿರಲಿಲ್ಲ.

ಅಪರೂಪದ್ದಾದರೂ ಹೇಳದೆ ಬಿಡಲಾಗದ ಅಪಾಯವೊಂದಿದೆ. ಖಿನ್ನತೆಗೆ ಕೊಡುವ ಎಂಎಒ ಇನ್ಹಿಬಿಟರ್ ವರ್ಗದ ಕೆಲವು ಹಳೆಯ ಮಾತ್ರೆಗಳನ್ನು ಸೇವಿಸುವವರು ಚೆನ್ನಾಗಿ ಮಾಗಿದ ಚೀಸ್ ತಿಂದರೆ, ಅದರಲ್ಲಿರುವ ಟೈರಮಿನ್ ಎಂಬ ರಾಸಾಯನಿಕ ದೇಹದಲ್ಲಿ ಒಡೆಯದೆ ಉಳಿದು ರಕ್ತದೊತ್ತಡ ಹಠಾತ್ತನೆ ಅಪಾಯದ ಮಟ್ಟಕ್ಕೆ ಏರಬಹುದು. ಅಂಥವರು ತಮ್ಮ ವೈದ್ಯರನ್ನು ಕೇಳದೆ ಮಾಗಿದ ಚೀಸ್ ಮುಟ್ಟಬಾರದು.

ಮೇಜಿನ ಮೇಲಿದ್ದ ಆ ಪೊಟ್ಟಣವನ್ನು ತಿರುಗಿಸಿದಾಗ ನೂರು ಗ್ರಾಂಗೆ 1400 ಮಿಲಿಗ್ರಾಂ ಸೋಡಿಯಂ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿತ್ತು. ಒಂದು ಸ್ಲೈಸ್ 20 ಗ್ರಾಂ, ಅವರು ದಿನಕ್ಕೆ ತಿನ್ನುತ್ತಿದ್ದುದು ಮೂರು. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆಂದು ಹೇಳಿ ಲೆಕ್ಕವನ್ನು ಅವರಿಂದಲೇ ಮಾಡಿಸಿದೆ: ಮೂರು ಸ್ಲೈಸ್‌ಗೆ 2 ಗ್ರಾಂಗೂ ಮಿಗಿಲು, ಬ್ರೆಡ್ಡಿನ ಉಪ್ಪು ಬೇರೆ. ಚೀಸ್ ಬಿಡಬೇಕೆಂದು ನಾನು ಹೇಳಲಿಲ್ಲ. ಸ್ಲೈಸ್‌ಗಳನ್ನು ನಿಲ್ಲಿಸಿ, ಉಪ್ಪು ಕಡಿಮೆಯಿರುವ ಗಟ್ಟಿ ಚೀಸನ್ನು ವಾರದಲ್ಲಿ ಮೂರು ದಿನ, ತಕ್ಕಡಿಯಲ್ಲಿ ತೂಗಿ 30 ಗ್ರಾಂ ಮಾತ್ರ ತಿನ್ನುವುದು, ಉಳಿದ ದಿನ ಆ ಜಾಗಕ್ಕೆ ಒಂದು ಹಿಡಿ ಬಾದಾಮಿಯೋ ಆಕ್ರೋಟೋ ಬರುವುದು, ಕೊಲೆಸ್ಟ್ರಾಲ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸದಿರುವುದು ಎಂದು ಒಪ್ಪಂದವಾಯಿತು. ಪತ್ನಿಗೆ ತೋರಿಸಬೇಕೆಂದು ಅವರು ಆ ಲೆಕ್ಕದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.