ಫಾಂಟ್ ಹಾಕುವ ಮೊದಲು ತೆರೆದು ನೋಡುವುದು: ನನಗೆ ಉಲ್ಟಾ ಅರ್ಥವಾಗಿದ್ದ ಒಂದು ವಿಷಯ

ಉಡುಪಿಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಗೆ ಸಂಜೆ ಹೊತ್ತು ಡಿಟಿಪಿ ಕಲಿಯಲು ಹೋಗುತ್ತಿದ್ದೇನೆ. ಎರಡು ತಿಂಗಳಾಯಿತು. ಕಳೆದ ವಾರ ಒಂದು ಹರಕೆ ಬಯಲಾಟದ ಹ್ಯಾಂಡ್‌ಬಿಲ್ ಮಾಡಲು ಕೊಟ್ಟರು. ಜೊತೆಗೆ ಒಂದು ಪೆನ್‌ಡ್ರೈವ್, ಅದರಲ್ಲಿ 214 ಫಾಂಟ್. “ಒಳ್ಳೇದು ಯಾವುದು ಉಂಟು ನೋಡಿ ಹಾಕು ಮಾರಾಯಾ” ಅಂದರು ಅಂಗಡಿಯ ಅಣ್ಣ. ನಾನು ನೋಡಲಿಲ್ಲ, ಹಾಕಿದೆ. ಎಲ್ಲ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, ಇನ್‌ಸ್ಟಾಲ್. ಆಮೇಲೆ ಫಾಂಟ್ ಪಟ್ಟಿ ಕೆಳಗೆ ಎಳೆದಷ್ಟೂ ಮುಗಿಯುತ್ತಿರಲಿಲ್ಲ. ಒಂದೊಂದಾಗಿ ತೆಗೆಯುವುದಕ್ಕೇ ಒಂದು ಸಂಜೆ ಹೋಯಿತು. ಆ ಸಂಜೆ ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ವಿಂಡೋಸ್‌ನಲ್ಲಿ ನೋಡುವುದು ಸುಲಭ. ಫಾಂಟ್ ಫೈಲ್ (ಟಿಟಿಎಫ್ ಅಥವಾ ಒಟಿಎಫ್) ಮೇಲೆ ಡಬಲ್ ಕ್ಲಿಕ್ ಮಾಡಿ. ಒಂದು ಕಿಟಕಿ ತೆರೆಯುತ್ತದೆ. ಮೇಲೆ ಫಾಂಟಿನ ಹೆಸರು ಮತ್ತು ವರ್ಷನ್, ಕೆಳಗೆ ಎ ಇಂದ ಝಡ್ ತನಕ ಸಣ್ಣಕ್ಷರ, ದೊಡ್ಡಕ್ಷರ, ಅಂಕೆಗಳು. ಅದರ ಕೆಳಗೆ ಕಂದು ನರಿ ಸೋಮಾರಿ ನಾಯಿಯನ್ನು ಹಾರುವ ಆ ಇಂಗ್ಲಿಷ್ ವಾಕ್ಯ, 12ರಿಂದ 72ರ ತನಕ ಬೇರೆ ಬೇರೆ ಅಳತೆಯಲ್ಲಿ. ಇನ್‌ಸ್ಟಾಲ್ ಬಟನ್ ಒತ್ತದೆ ಕಿಟಕಿ ಮುಚ್ಚಿದರೆ ಏನೂ ಆಗುವುದಿಲ್ಲ. ಸುಮ್ನೆ ನೋಡಿದ್ದು ಅಷ್ಟೇ.

ನಾನು ಬಿದ್ದದ್ದು ಇಲ್ಲೇ.

ಮೊದಲು ತೆರೆದದ್ದು ಬಾಲೂ ತಮ್ಮ 2. ಕನ್ನಡ ಫಾಂಟ್ ಅಂತ ಹೆಸರು ಕೇಳಿದ್ದೆ. ತೆರೆದರೆ ಪೂರ್ತಿ ಇಂಗ್ಲಿಷ್! ಒಂದೂ ಕನ್ನಡ ಅಕ್ಷರ ಇಲ್ಲ. ಫೈಲ್ ಹಾಳಾಗಿದೆ ಅಂದುಕೊಂಡು ಡಿಲೀಟ್ ಮಾಡಿದೆ. ಮುಂದಿನದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟ್. ತೆರೆದ ಕೂಡಲೇ ಕಿಟಕಿ ತುಂಬ ಕನ್ನಡ. ಅರ್ಥವಿಲ್ಲದ ಕನ್ನಡ, ಆದರೂ ಕನ್ನಡವೇ ಅಲ್ವಾ? ಇದೇ ಸರಿ ಅಂತ ಹಾಕಿದೆ. ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸಿದ ಪ್ರಸಂಗದ ಹೆಸರು, ಕಲಾವಿದರ ಹೆಸರು ಎಲ್ಲ ಪೇಸ್ಟ್ ಮಾಡಿ ಆ ಫಾಂಟ್ ಕೊಟ್ಟರೆ ಅಕ್ಷರದ ಆಕಾರ ಬದಲಾಗಲೇ ಇಲ್ಲ. ಹತ್ತು ಸಲ ಕೊಟ್ಟೆ. ಇಲ್ಲ.

ಉತ್ತರ ಗೊತ್ತಾದಾಗ ನಗು ಬಂತು. ಆ ಕಿಟಕಿ ನಮಗೆ ತೋರಿಸುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಏನು ಕೂತಿದೆ ಎಂಬುದನ್ನು ಮಾತ್ರ. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಯೂನಿಕೋಡ್ ಫಾಂಟಿನಲ್ಲಿ ಕನ್ನಡಕ್ಕೆ ಬೇರೆಯೇ ಜಾಗ ಉಂಟು. ಇಂಗ್ಲಿಷ್ ಜಾಗದಲ್ಲಿ ಇಂಗ್ಲಿಷೇ ಇರುತ್ತದೆ. ಹಾಗಾಗಿ ನೋಡಲು ಇಂಗ್ಲಿಷ್, ಒಳಗೆ ಕನ್ನಡ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದವು. ಅದಕ್ಕೇ ನರಿ, ನಾಯಿಯ ವಾಕ್ಯ ಕನ್ನಡದ ಚಿಂದಿಯಾಗಿ ಕಾಣುತ್ತದೆ. ಅಂದರೆ ನಮ್ಮ ಕೆಲಸಕ್ಕೆ ಈ ಕಿಟಕಿಯನ್ನು ಉಲ್ಟಾ ಓದಬೇಕು. ಕನ್ನಡ ಕಂಡರೆ ಹಳೆಯ ಫಾಂಟ್. ಇಂಗ್ಲಿಷ್ ಕಂಡರೆ ಯೂನಿಕೋಡ್ ಇರಬಹುದು, ಇನ್ನೊಮ್ಮೆ ನೋಡಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ನುಡಿಯ ಹಳೆಯ ಫಾಂಟ್ ತೆರೆದು ದೊಡ್ಡಕ್ಷರಗಳ ಸಾಲಿನಲ್ಲಿ ಪಿ ಇರಬೇಕಾದ ಜಾಗ ನೋಡಿ. ಅಲ್ಲಿ ‘ಕ’ ಕೂತಿರುತ್ತದೆ, ಆದರೆ ತಲೆಕಟ್ಟು ಇರುವುದಿಲ್ಲ. ತಲೆಕಟ್ಟು ಬೇರೆ ಕಡೆ, ಮೇಲೆ ಗೀಟು ಇರುವ ಒಂದು ಎ ಅಕ್ಷರದ ಜಾಗದಲ್ಲಿ. ಎರಡೂ ಸೇರಿದರೆ ‘ಕ’. ‘ಕನ್ನಡ’ದ ‘ನ’ಕ್ಕೆ ಬ್ರಿಟನ್ನಿನ ಪೌಂಡ್ ಗುರುತಿನ ಜಾಗ. ‘ಡ’ಕ್ಕೆ ಸಣ್ಣ ಕ್ಯೂ. ಹಳೆಯ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಪಿ, ಗೀಟಿನ ಎ, ಪೌಂಡ್ ಅಂತ ಕಸ ಕಾಣುತ್ತದಲ್ಲ, ಅದು ಕಸ ಅಲ್ಲ, ‘ಕನ್ನಡ’ ಎಂಬ ಶಬ್ದವೇ. ಫಾಂಟ್ ಇಲ್ಲ ಅಷ್ಟೇ.

ಹಳೆಯ ಫಾಂಟ್ ಎಲ್ಲ ಡಿಲೀಟ್ ಮಾಡಿ ಅಂತ ನಾನು ಹೇಳುವುದಿಲ್ಲ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅದರಲ್ಲಿ ಮಾಡಿದ ಹಳೆಯ ಫೈಲ್ ಮತ್ತೆ ತೆರೆಯಬೇಕಾದರೆ ಆ ಫಾಂಟುಗಳೇ ಬೇಕು. ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ನುಡಿಯಲ್ಲೂ ಯೂನಿಕೋಡ್ ಫಾಂಟ್ ಉಂಟು, ಹೆಸರಿನಲ್ಲಿ ‘ಯೂನಿ’ ಅಂತ ಇರುತ್ತದೆ.

ಇಂಗ್ಲಿಷ್ ಕಂಡ ಫಾಂಟಿನ ಒಳಗೆ ಕನ್ನಡ ಉಂಟಾ ಇಲ್ವಾ ತಿಳಿಯುವುದು ಹೇಗೆ? ವಿಂಡೋಸ್‌ನ ಆ ಕಿಟಕಿಯಲ್ಲಿ ನಮ್ಮ ವಾಕ್ಯ ಟೈಪ್ ಮಾಡಲು ಆಗುವುದಿಲ್ಲ. ನಾನು ಬಳಸುವುದು ಫಾಂಟ್‌ಡ್ರಾಪ್ ಎಂಬ ತಾಣ. ಬ್ರೌಸರಿನಲ್ಲಿ ತೆರೆದು ಫಾಂಟ್ ಫೈಲನ್ನು ಎಳೆದು ಹಾಕಿದರೆ ಸಾಕು. ಫೈಲ್ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ನಮ್ಮ ಬ್ರೌಸರಿನಲ್ಲೇ ತೆರೆಯುತ್ತದೆ. ಒಳಗಿರುವ ಎಲ್ಲ ಅಕ್ಷರಗಳೂ ಚೌಕ ಚೌಕವಾಗಿ ಕಾಣುತ್ತವೆ. ‘ಕ’ ಹುಡುಕಿ ಅದರ ಸಂಖ್ಯೆ ನೋಡಿ. 0ಸಿ95 ಇದ್ದರೆ ಯೂನಿಕೋಡ್. 0050 ಇದ್ದರೆ ಅದು ವೇಷ ಹಾಕಿದ ಪಿ. ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್ ತನಕ, ಒಟ್ಟು 128 ಮನೆ.

ಪೆನ್‌ಡ್ರೈವ್‌ನಲ್ಲಿ ಒಂದು ತುಳು ಲಿಪಿಯ ಫಾಂಟೂ ಇತ್ತು. ಅದರಲ್ಲಿ 0ಸಿ95ರ ಮನೆಯಲ್ಲಿ ತುಳುವಿನ ‘ಕ’ ಕೂತಿತ್ತು. ಅದೇ ಹಳೆಯ ಉಪಾಯ, ಈ ಸಲ ಬಾಡಿಗೆ ಕನ್ನಡದ ಮನೆಯಲ್ಲಿ. ಈ ಲಿಪಿಗೆ, ಅಂದರೆ ತುಳು-ತಿಗಳಾರಿಗೆ, ಯೂನಿಕೋಡ್‌ನಲ್ಲಿ ಸ್ವಂತ ಮನೆ ಸಿಕ್ಕಿದ್ದು 2024ರಲ್ಲಿ, 16ನೇ ಆವೃತ್ತಿಯಲ್ಲಿ. ಬೋರ್ಡು ಬರೆಸುವವರಿಗೆ ಇದು ಗೊತ್ತಿರಲಿ.

ಸಂಖ್ಯೆ ನೋಡುವುದು ಯಾಕೆ, ಕನ್ನಡ ವಾಕ್ಯ ಪೇಸ್ಟ್ ಮಾಡಿ ನೋಡಿದರೆ ಸಾಲದಾ? ನಾನೂ ಹಾಗೇ ಮಾಡಿ ಎರಡನೇ ಸಲ ಮೋಸ ಹೋದೆ. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಕಂಪ್ಯೂಟರ್ ಸುಮ್ಮನೆ ಕೂರುವುದಿಲ್ಲ. ತನ್ನಲ್ಲಿರುವ ಬೇರೆ ಕನ್ನಡ ಫಾಂಟಿನಿಂದ ಅಕ್ಷರ ತಂದು ತುಂಬಿಸುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ನಿರ್ಮಲಾ ಯುಐ. ಅಂದವಾದ ಕನ್ನಡ ಕಾಣುತ್ತದೆ, ನಾವು ಹೊಸ ಫಾಂಟ್ ಚೆನ್ನಾಗಿದೆ ಅಂತ ಖುಷಿಪಡುತ್ತೇವೆ. ಮೂರು ಫಾಂಟ್ ಒಂದೇ ರೀತಿ ಕಂಡಾಗ ನನಗೆ ಸಂಶಯ ಬಂತು. ಮೂರೂ ನಿರ್ಮಲಾವೇ!

ಕನ್ನಡ ಇರುವುದು ಖಾತ್ರಿ ಆದ ಮೇಲೆ ನನ್ನ ಪರೀಕ್ಷೆಯ ವಾಕ್ಯ ಹಾಕುತ್ತೇನೆ. ಅರ್ಥ ಕೇಳಬೇಡಿ:

“ರ‍್ಯಾಂಕ್ ಬಂದ ಸ್ತ್ರೀವೇಷದ ವಿದ್ಯಾರ್ಥಿಗೆ ಕಾರ್ಯಕ್ರಮದ ದಿನ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ₹೫೦೦ ಸಿಕ್ಕಿತು.”

‘ಸ್ತ್ರೀ’ ಮತ್ತು ‘ಷ್ಟ್ರೀ’ಯಲ್ಲಿ ಎರಡೆರಡು ಒತ್ತು. ಒಂದರ ಮೇಲೊಂದು ಬಿದ್ದರೆ, ಅಥವಾ ಕೆಳಗಿನ ಸಾಲಿಗೆ ತಾಗಿದರೆ ಆ ಫಾಂಟ್ ಹ್ಯಾಂಡ್‌ಬಿಲ್‌ಗೆ ಬೇಡ. ನಮ್ಮಲ್ಲಿ ಸಾಲುಗಳು ಯಾವಾಗಲೂ ಇಕ್ಕಟ್ಟು, ಇಡೀ ಮೇಳದ ಹೆಸರು ಒಂದೇ ಪುಟದಲ್ಲಿ ಬರಬೇಕು. ‘ಕಾರ್ಯ’ದಲ್ಲಿ ಅರ್ಕಾವತ್ತು ಬರಬೇಕು. ‘ರ‍್ಯಾಂಕ್’ನಲ್ಲಿ ಬರಬಾರದು, ಪೂರ್ತಿ ‘ರ’ ಇದ್ದು ಕೆಳಗೆ ಯ ಒತ್ತು ಬರಬೇಕು. ಇದಕ್ಕೆ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಇರುತ್ತದೆ, ಅದನ್ನು ಲೆಕ್ಕಿಸದ ಫಾಂಟ್ ಇಲ್ಲಿ ಸಿಕ್ಕಿಬೀಳುತ್ತದೆ. ರೂಪಾಯಿ ಗುರುತು ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟಿನಲ್ಲಿ ಅದು ಇರುವುದಿಲ್ಲ, ಬೇರೆ ಫಾಂಟಿನಿಂದ ಬಂದು ದಪ್ಪ ಅಥವಾ ತೆಳ್ಳಗೆ ಕಾಣುತ್ತದೆ. ದೇಣಿಗೆ ಪಟ್ಟಿ ಮಾಡುವವರಿಗೆ ಇದು ದೊಡ್ಡ ವಿಷಯ.

ಉಳಿದದ್ದು ಚಿಕ್ಕಪುಟ್ಟ. ಫೈಲಿನ ಹೆಸರು ನಂಬಬೇಡಿ, ಪಟ್ಟಿಯಲ್ಲಿ ಬರುವುದು ಕಿಟಕಿಯ ಮೇಲೆ ಕಾಣುವ ಒಳಗಿನ ಹೆಸರು. ‘ಹೊಸ ಫೈನಲ್ 3’ ಅಂತ ಹೆಸರಿಟ್ಟದ್ದು ತೆರೆದರೆ ನಮ್ಮಲ್ಲಿ ಆಗಲೇ ಇರುವ ಫಾಂಟೇ ಇರಬಹುದು. ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟ್ ಆದರೆ ಒಂದೇ ಫೈಲಿನಲ್ಲಿ ತೆಳು, ದಪ್ಪ ಎಲ್ಲ ಇರುತ್ತದೆ. ಕಿಟಕಿಯಲ್ಲಿ ಒಂದು ರೂಪ ಮಾತ್ರ ಕಂಡು ನಿರಾಶರಾಗಬೇಡಿ.

ಮ್ಯಾಕ್ ಇರುವವರಿಗೆ ಇಷ್ಟೆಲ್ಲ ಒದ್ದಾಟ ಇಲ್ಲ. ಫೈಲ್ ಮೇಲೆ ಸ್ಪೇಸ್ ಬಾರ್ ಒತ್ತಿದರೆ ನೋಡಬಹುದು, ಫಾಂಟ್ ಬುಕ್‌ನಲ್ಲಿ ಕಸ್ಟಮ್ ಆಯ್ಕೆ ತೆಗೆದುಕೊಂಡು ನಮ್ಮದೇ ವಾಕ್ಯ ಹಾಕಬಹುದು. ಉಬುಂಟುವಿನಲ್ಲೂ ಡಬಲ್ ಕ್ಲಿಕ್ ಸಾಕು.

ಡಿಲೀಟ್ ಮಾಡಿದ್ದ ಬಾಲೂ ತಮ್ಮ 2 ರೀಸೈಕಲ್ ಬಿನ್‌ನಲ್ಲೇ ಇತ್ತು. ವಾಪಸ್ ತಂದು ಹಾಕಿದೆ. ಹ್ಯಾಂಡ್‌ಬಿಲ್‌ನ ತಲೆಬರಹ ಅದರಲ್ಲೇ ಆಯಿತು. ಅಂಗಡಿಯ ಅಣ್ಣ ಪ್ರೂಫ್ ನೋಡಿ ಫಾಂಟಿನ ಸುದ್ದಿಯೇ ಎತ್ತಲಿಲ್ಲ, ಚೆಂಡೆಯವರ ಹೆಸರು ಬಿಟ್ಟುಹೋಗಿದೆ ಅಂದರು.